ಡಿಗ್ರಿ ಕಮ್ಮಿ ಬಂದರೆ ನೀರೇ ಹಾಕಿರಬೇಕೇ?

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ನಿವೃತ್ತ ಪಶುವೈದ್ಯರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಹಸುಗಳ ಕಾಯಿಲೆ ಬಗ್ಗೆ ನಾಲ್ಕು ಮಾತಾಡಿ ಎಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ಆಡುತ್ತೇನೆ. ಆದರೆ ಇವತ್ತು ನಾನು ಹೇಳುವ ಕಾಯಿಲೆ ಅರ್ಧ ಹಸುವಿನದು, ಅರ್ಧ ನಮ್ಮದು. ಕಂಡ ಕೂಡಲೇ "ಇವನು ಇಂಥವನು, ಅವಳು ಇಂಥವಳು" ಎಂದು ತೀರ್ಪು ಕೊಟ್ಟುಬಿಡುವ ಕಾಯಿಲೆ. ಈಚಲ ಮರದ ಕೆಳಗೆ ಮಜ್ಜಿಗೆ ಕುಡಿದರೂ ಹೆಂಡ ಅಂತಾರೆ ಅನ್ನೋ ಗಾದೆ ಯಾರಿಗೆ ಗೊತ್ತಿಲ್ಲ? ಡೈರಿ ಮುಂದೆ ಸಾಲಿನಲ್ಲಿ ನಿಂತಾಗ ಮಾತ್ರ ಅದು ಮರೆತುಹೋಗುತ್ತೆ.

ಡೈರಿಯಲ್ಲಿ ಬಹಳ ಸಲೀಸಾಗಿ ಬರುವ ಮಾತು ಒಂದಿದೆ: "ನೀರು ಹಾಕ್ತಾಳೆ." ಲ್ಯಾಕ್ಟೋಮೀಟರ್ ಒಂದು ಗೆರೆ ಜಾಸ್ತಿ ಮುಳುಗಿದರೆ ಸಾಕು. ಆ ಗಾಜಿನ ಕಡ್ಡಿ ಹೇಳುವುದಾದರೂ ಏನು? ಹಾಲು ನೀರಿಗಿಂತ ಎಷ್ಟು ಭಾರ ಇದೆ ಅನ್ನೋದು, ಅಷ್ಟೆ. ಆಗತಾನೆ ಕರೆದ, ಬಿಸಿ ಆರದ, ನೊರೆ ಇಳಿಯದ ಹಾಲಿಗೆ ಬಿಟ್ಟರೆ ಅದು ಕಮ್ಮಿಯೇ ತೋರಿಸುತ್ತೆ. ಡೈರಿ ಪಕ್ಕದ ಮನೆಯವರ ಹಾಲಿಗಿಂತ ಮೈಲಿ ದೂರದ ತೋಟದ ಮನೆಯಿಂದ ಬಂದ ಹಾಲಿಗೆ ಡಿಗ್ರಿ ಜಾಸ್ತಿ ಬಂದರೆ ಆಶ್ಚರ್ಯವಿಲ್ಲ. ಇನ್ನು ಜಿಡ್ಡು ನೀರಿಗಿಂತ ಹಗುರ. ಹಾಲಿನಲ್ಲಿ ಜಿಡ್ಡು ಹೆಚ್ಚಿದ್ದರೂ ಡಿಗ್ರಿ ಇಳಿಯುತ್ತೆ. ಅದೇ ಕೆನೆ ತೆಗೆದು, ಲೆಕ್ಕವಾಗಿ ಸ್ವಲ್ಪ ನೀರು ಬೆರೆಸಿದರೆ ಡಿಗ್ರಿ ಸರಿಯಾಗಿಯೇ ಬರುತ್ತೆ! ಅಂದರೆ ಕೆನೆ ಕದ್ದವನು ಸಾಚಾ, ಗಟ್ಟಿ ಹಾಲು ತಂದವಳು ಕಳ್ಳಿ. ಅದಕ್ಕೇ ಫ್ಯಾಟನ್ನೂ ನೋಡಬೇಕು ಅಂತ ಮಾಡಿರೋದು. ಈಗ ಮಿಷನ್ ಬಂದಿದೆ, ಫ್ಯಾಟು, ಎಸ್.ಎನ್.ಎಫ್. ಎರಡನ್ನೂ ಚೀಟಿಯಲ್ಲಿ ಕೊಡುತ್ತೆ. ಆದರೂ ಚೀಟಿಯಲ್ಲಿ ಬರೋದು ಹಾಲಿನ ಗುಣ, ತಂದವರ ಗುಣ ಅಲ್ಲ. ಮೇವು ಸಾಲದಿದ್ದರೆ ಎಸ್.ಎನ್.ಎಫ್. ಇಳಿಯುತ್ತೆ. ಕೊನೇ ಹಾಲನ್ನು ಕರುವಿಗೆ ಬಿಟ್ಟರೆ ಫ್ಯಾಟು ಇಳಿಯುತ್ತೆ. ಕರುವಿಗೆ ಬಿಡೋದು ತಪ್ಪೇ?

ಇನ್ನೊಂದು ಕಾರಣ ಕೆಚ್ಚಲು ಬಾವು. ಬೇರೆ ತಾಲ್ಲೂಕಿನ ಒಂದು ಊರು, ಹೆಸರು ಬೇಡ. ಗಂಡ ತೀರಿಕೊಂಡಿದ್ದ ಒಬ್ಬ ಹೆಣ್ಣುಮಗಳು, ಇದ್ದದ್ದು ಒಂದೇ ಸೀಮೆಹಸು. ಹದಿನೈದು ದಿನಕ್ಕೊಮ್ಮೆ ಬರುವ ಬಟವಾಡೆಯಲ್ಲೇ ಮನೆ ನಡೆಯಬೇಕು. ಮೂರು ದಿನ ಒಂದೇ ಸಮನೆ ಡಿಗ್ರಿ ಕಮ್ಮಿ ಬಂತು. ನಾಲ್ಕನೇ ದಿನ ಸಾಲಿನಲ್ಲಿದ್ದ ಒಬ್ಬ, "ಏನಕ್ಕಾ, ನಿಮ್ಮ ಬೋರ್‌ವೆಲ್ಲು ಚೆನ್ನಾಗಿ ಎರೆಯುತ್ತಾ?" ಅಂದ. ಎಲ್ಲರೂ ನಕ್ಕರು. ಆಕೆ ಏನೂ ಹೇಳಲಿಲ್ಲವಂತೆ, ಕ್ಯಾನು ಎತ್ತಿಕೊಂಡು ಹೋದಳು. ಮಾರನೇ ದಿನದಿಂದ ಹಾಲು ಹೋಟೆಲಿಗೆ, ಕಮ್ಮಿ ರೇಟಿಗೆ.

ಗಬ್ಬದ ಪರೀಕ್ಷೆಗೆ ಅಂತ ಆ ಬೀದಿಗೆ ಹೋಗಿದ್ದ ನಾನು ಆಕೆಯ ಹಸುವನ್ನೂ ನೋಡಿದೆ. ಕೆಚ್ಚಲು ಊದಿರಲಿಲ್ಲ, ಹಾಲು ಒಡೆದಿರಲಿಲ್ಲ. ನಾಲ್ಕು ಮೊಲೆಯ ಹಾಲನ್ನೂ ಬೇರೆ ಬೇರೆ ಬಟ್ಟಲಿಗೆ ಕರೆದು, ಪರೀಕ್ಷೆಯ ದ್ರಾವಣ ಹಾಕಿ ಅಲ್ಲಾಡಿಸಿದರೆ ಎರಡು ಬಟ್ಟಲಲ್ಲಿ ಲೋಳೆ ಲೋಳೆಯಾಯಿತು. ಇದಕ್ಕೆ ಒಳಬಾವು ಅಂತ ನಾವು ಹೇಳೋದು. ಹೊರಗೆ ಕಾಣಲ್ಲ, ಹಾಲನ್ನು ಮಾತ್ರ ತಿನ್ನುತ್ತಾ ಹೋಗುತ್ತೆ. ಔಷಧಿ ಹಿಡಿಯಿತು, ಹಸು ಸರಿಹೋಯಿತು. (ಔಷಧಿ ನಡೆಯುವಾಗ, ನಿಂತ ಮೇಲೂ ವೈದ್ಯರು ಹೇಳಿದಷ್ಟು ದಿನ, ಆ ಹಾಲನ್ನು ಡೈರಿಗೆ ಹಾಕಬೇಡಿ, ನೆನಪಿರಲಿ.) ಆದರೆ ಆ ಹೆಣ್ಣುಮಗಳು ಮತ್ತೆ ಡೈರಿ ಮೆಟ್ಟಿಲು ಹತ್ತಲಿಲ್ಲ. "ನೀರು ಹಾಕೋಳು ಅನ್ನಿಸಿಕೊಂಡು ಆ ಸಾಲಲ್ಲಿ ಹೆಂಗೆ ನಿಲ್ಲಲಿ ಡಾಕ್ಟರೇ?" ಅಂದಳು. ಅದಕ್ಕೆ ನನ್ನ ಚೀಲದಲ್ಲಿ ಔಷಧಿ ಇರಲಿಲ್ಲ.

ಇನ್ನೊಂದು ನಿಷ್ಠುರದ ಮಾತು ಹೇಳಲೇಬೇಕು. ಹತ್ತು ಎಕರೆ ಇರುವ ಯಜಮಾನರ ಹಾಲಿಗೆ ಡಿಗ್ರಿ ಕಮ್ಮಿ ಬಂದರೆ ನಾವು "ಮಿಷನ್ ಕೆಟ್ಟಿರಬೇಕು" ಅಂತೀವಿ. ಒಂದು ಹಸುವಿನ ಮನೆಯವರದು ಬಂದರೆ "ನೀರು" ಅಂತೀವಿ. ಮಿಷನ್ ಒಂದೇ, ನಾಲಿಗೆ ಎರಡು. 1946ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ರೈತರು ಕಟ್ಟಿದ, ಆನಂದ್ ಮಾದರಿ ಅಂತ ಹೆಸರಾದ, 1974ರ ನಂತರ ನಮ್ಮ ರಾಜ್ಯದ ಊರೂರಿಗೆ ಬಂದ ಈ ಪದ್ಧತಿಯಲ್ಲಿ ಎಲ್ಲರ ಹಾಲಿಗೂ ಒಂದೇ ಅಳತೆ, ಎಲ್ಲರ ಹಾಲೂ ಒಂದೇ ಕ್ಯಾನಿಗೆ. ಅಳತೆ ಒಂದಾಯಿತು, ಮಾತು ಇನ್ನೂ ಒಂದಾಗಿಲ್ಲ.

ಹಾಗಾದರೆ ನೀರು ಹಾಕೋರೇ ಇಲ್ಲವೇ? ಇದ್ದಾರೆ ಸ್ವಾಮಿ, ನಾನೂ ಕಂಡಿದ್ದೇನೆ. ಅವರನ್ನು ಹಿಡಿಯದಿದ್ದರೆ ಉಳಿದವರಿಗೆಲ್ಲ ಮೋಸ. ಅದಕ್ಕೂ ದಾರಿ ಇದೆ: ಹಸುವನ್ನೇ ಕೇಳೋದು. ಅನುಮಾನ ಬಂದರೆ ಕರೆಯುವ ಹೊತ್ತಿಗೆ ಕೊಟ್ಟಿಗೆಗೆ ಹೋಗಿ, ಎದುರಿಗೆ ಪೂರ್ತಿ ಕರೆಸಿ, ಆ ಹಾಲಿನ ಮಾದರಿಯನ್ನು ಡೈರಿಗೆ ಬಂದ ಹಾಲಿನ ಜೊತೆ ಹೋಲಿಸಿ. ಎರಡೂ ಒಂದೇ ಆದರೆ ಹಸುವಿಗೆ ಡಾಕ್ಟರು, ಬೇರೆ ಆದರೆ ಮಾಲೀಕರಿಗೆ ನೋಟೀಸು. ಅಲ್ಲಿಯವರೆಗೆ "ಇವತ್ತು ಡಿಗ್ರಿ ಇಪ್ಪತ್ತಮೂರು ಬಂತು" ಅನ್ನಿ, "ನೀರು ಹಾಕ್ತಾಳೆ" ಅನ್ನಬೇಡಿ. ಮೊದಲನೆಯದು ಕಂಡದ್ದು, ಎರಡನೆಯದು ಕಟ್ಟಿದ್ದು. ನಾಲಿಗೆ ಈ ಎರಡರ ಮಧ್ಯೆ ಒಂದು ಗಳಿಗೆ ನಿಲ್ಲೋದನ್ನ ಕಲಿಯಬೇಕು. ಕಷ್ಟ, ಆದರೆ ದಿನಾ ಎರಡು ಹೊತ್ತು ಅಭ್ಯಾಸಕ್ಕೆ ಡೈರಿಯಂಥ ಜಾಗ ಇನ್ನೊಂದಿಲ್ಲ. ಸೊಸೆ ವಿಚಾರ, ಸಾಲ ಕಟ್ಟದವನ ವಿಚಾರ, ಎಲ್ಲಕ್ಕೂ ಇದೇ ಲೆಕ್ಕ. ಅದನ್ನು ಬಿಡಿಸಿ ಹೇಳಲು ಹೋದರೆ ಊಟ ಆರಿಹೋಗುತ್ತೆ.

ಆಡಳಿತ ಮಂಡಳಿಗೆ ಎರಡು ಬಿನ್ನಹ. ಯಾರ ಡಿಗ್ರಿಯನ್ನೂ ಸಾಲಿನ ಮುಂದೆ ಕೂಗಿ ಹೇಳಬೇಡಿ, ಚೀಟಿ ಕೊಡಿ ಸಾಕು. ಮೂರು ದಿನ ಕಮ್ಮಿ ಬಂದವರ ಮನೆಗೆ ಮೊದಲು ಪಶುವೈದ್ಯರನ್ನು ಕಳಿಸಿ. ಮತ್ತೆ ಕಾರ್ಯದರ್ಶಿಗಳೇ, ಇಪ್ಪತ್ತೈದು ವರ್ಷದ ರಿಜಿಸ್ಟರುಗಳು ನಿಮ್ಮ ಬೀರುವಿನಲ್ಲಿವೆ. ಹಸು ಇದ್ದೂ ಹಾಲು ಹಾಕೋದು ನಿಲ್ಲಿಸಿದವರ ಹೆಸರು ಹುಡುಕಿ. ಈ ಹಬ್ಬ ಮುಗಿಯುವುದರೊಳಗೆ ಅಧ್ಯಕ್ಷರನ್ನು ಕರೆದುಕೊಂಡು ಅವರ ಮನೆಗೆ ಹೋಗಿ, ಯಾಕೆ ನಿಲ್ಲಿಸಿದಿರಿ ಅಂತ ಕೇಳಿ ಬನ್ನಿ.