ನಗರ ಸೀಮೆಯಲ್ಲಿ ವೈನ್ ದ್ರಾಕ್ಷಿ ಆಗುತ್ತದೆಯೆ?

ಅಡಕೆಗೆ ಎಲೆಚುಕ್ಕಿ ರೋಗ ಬಿದ್ದಂದಿನಿಂದ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಹೋದಲ್ಲೆಲ್ಲ ಬೇರೆ ಬೆಳೆಯ ಮಾತೇ ಮಾತು. “ಸ್ವಾಮಿ, ವೈನಿನ ದ್ರಾಕ್ಷಿ ಹಾಕಿದರೆ ಹೇಗೆ? ರೋಗ ತಡೆಯೋ ತಳಿ ಬಂದಿದೆಯಂತಲ್ಲ” ಎಂದು ಕೇಳುವವರೂ ಇದ್ದಾರೆ.

ಬಂದಿರುವುದು ನಿಜ. ಅದರ ಹೆಸರು ಅರ್ಕಾ ಸೋಮ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅನಾಬ್-ಎ-ಶಾಹಿ ತಳಿಗೆ ಕ್ವೀನ್ ಆಫ್ ದಿ ವೈನ್‌ಯಾರ್ಡ್ಸ್ ಎಂಬ ತಳಿಯನ್ನು ಕೂಡಿಸಿ ತೆಗೆದ ಮಿಶ್ರತಳಿ. ಹಸಿರು ಹಳದಿ ಬಣ್ಣ, ಒಳಗೆ ಬೀಜ, ಒಳ್ಳೆ ಪರಿಮಳ. ರಸದ ಸಿಹಿ ನೂರಕ್ಕೆ 20ರ ಆಸುಪಾಸು. ಬಿಳಿ ವೈನಿಗೆ ಒಪ್ಪುವಂಥದು. ಚಿಬ್ಬು, ಬೂಜು, ಬೂದಿ ರೋಗಗಳನ್ನು ತಕ್ಕಮಟ್ಟಿಗೆ ತಡೆಯುತ್ತದೆ.

ಆದರೆ ರೋಗ ತಡೆದರೆ ಸಾಕೆ? ಗೊಂಚಲು ಬಿಡಬೇಕಲ್ಲ!

ನಮ್ಮ ರಾಜ್ಯದ ದ್ರಾಕ್ಷಿ ಸೀಮೆಯಲ್ಲಿ ಸಾಮಾನ್ಯವಾಗಿ ಬಳ್ಳಿಯನ್ನು ವರ್ಷಕ್ಕೆ 2 ಸಲ ಸವರುತ್ತಾರೆ. ಏಪ್ರಿಲಿನಲ್ಲಿ ಸವರುವುದು ಹೊಸ ಕಡ್ಡಿಗೆ, ಅಕ್ಟೋಬರಿನಲ್ಲಿ ಸವರುವುದು ಹಣ್ಣಿಗೆ. ಅಕ್ಟೋಬರಿನಲ್ಲಿ ಸವರಿದ ಮೇಲೆ ಹೊರಬರುವ ಗೊಂಚಲು ಆಗ ಹುಟ್ಟಿದ್ದಲ್ಲ. ಏಪ್ರಿಲಿನಲ್ಲಿ ಸವರಿದ ಮೇಲೆ ಒಂದೂವರೆ, ಎರಡು ತಿಂಗಳೊಳಗೆ ಕಡ್ಡಿಯ ಕಣ್ಣಿನಲ್ಲೇ ಕಟ್ಟಿಕೊಂಡದ್ದು. ಅದಕ್ಕೆ ಬಿಸಿಲು ಬೇಕು, ಆಮೇಲೆ ಕಡ್ಡಿ ಬಲಿಯಲೂ ಬಿಸಿಲು ಬೇಕು. ವಿಜಯಪುರದಲ್ಲಿ ಅದು ಬೇಕಾದಷ್ಟಿದೆ. ನಮ್ಮಲ್ಲಿ? ಮೃಗಶಿರ ಹಿಡಿಯಿತೆಂದರೆ ಆರಿದ್ರ, ಪುನರ್ವಸು, ಪುಷ್ಯ ಮುಗಿಯುವ ತನಕ ಸೂರ್ಯನ ಮುಖ ಕಾಣುವುದೇ ಅಪರೂಪ. ಮೊದಲೇ ಸವರೋಣವೆಂದರೆ ಹಿಂದಿನ ಫಸಲು ಮಾರ್ಚಿನವರೆಗೆ ಬಳ್ಳಿ ಮೇಲಿರುತ್ತದೆ. ಹೀಗಾಗಿ ಚಪ್ಪರದ ತುಂಬ ಎಲೆ ಕಾಣಬಹುದು, ಗೊಂಚಲು ಹುಡುಕಬೇಕು.

ನಾವು ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಹುಟ್ಟಿದ್ದೇ ದ್ರಾಕ್ಷಿ ತೋಟದಲ್ಲಿ, ಗೊತ್ತೆ? 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋ ಸೀಮೆಯವರು ಬೂಜು ರೋಗ ತಡೆಯಲು ಅದನ್ನು ಕಂಡುಕೊಂಡರು. ಅಲ್ಲಿಯ ಮಳೆ ವರ್ಷಕ್ಕೆ ಸುಮಾರು 900 ಮಿಲಿಮೀಟರ್. ನಮ್ಮ ಆಗುಂಬೆಯದು 7000ಕ್ಕೂ ಮೇಲೆ. ಅಷ್ಟು ಮಳೆಯಲ್ಲಿ ಹೊಡೆದ ಮದ್ದು ಎಲೆ ಮೇಲೆ ಎಷ್ಟು ದಿನ ನಿಂತೀತು, ನೀವೇ ಬಲ್ಲಿರಿ.

ಆಸೆಯಿದ್ದವರು ಅಂಗಳದಲ್ಲಿ ಎರಡು ಬಳ್ಳಿ ನೆಡಿ. ನೀರು ನಿಲ್ಲದ ಜಾಗ ಆರಿಸಿ, ಮಳೆಗಾಲಕ್ಕೆ ಮೇಲೆ ಪ್ಲಾಸ್ಟಿಕ್ ಹೊದಿಕೆ ಕಟ್ಟಿ. ಎಕರೆಗಟ್ಟಲೆ ಹಾಕಲು ಸಾಲ ಮಾತ್ರ ಎತ್ತಬೇಡಿ. ಕಂಬ, ತಂತಿಯ ಖರ್ಚೇ ಭಾರಿ, ಕೊಳ್ಳುವ ವೈನ್ ಕಾರ್ಖಾನೆ ಹತ್ತಿರದಲ್ಲಿಲ್ಲ. ಬಳ್ಳಿಯೇ ಬೇಕೆಂದರೆ ನಮ್ಮ ಮಳೆಗೆ ಒಗ್ಗಿದ ಕಾಳುಮೆಣಸು ಇದ್ದೇ ಇದೆ. ಎಲೆಚುಕ್ಕಿ ತಗುಲಿದ ಸೋಗೆ ಕಡಿದು ಸುಡುವ ಕೆಲಸ ಯಾರ ತೋಟದಲ್ಲಾದರೂ ಉಳಿದಿದ್ದರೆ ಮಳೆ ಹಿಡಿಯುವ ಮುಂಚೆ ಮುಗಿಸಿಬಿಡಿ.