ಕುರಿಗಳ ಕುಂಟು: ತಡೆ ಮತ್ತು ಉಪಚಾರ

(ಕುರಿಗಾರರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಕುರಿಗೆ ಕಾಲೇ ಆಧಾರ. ನಮ್ಮ ನಾಡಿನ ಕುರಿಗಳಲ್ಲಿ ಹೆಚ್ಚಿನವು ಕೊಟ್ಟಿಗೆಯಲ್ಲಿ ನಿಂತು ಮೇವು ತಿನ್ನುವಂಥವಲ್ಲ. ಬೆಳಿಗ್ಗೆ ರೊಪ್ಪದಿಂದ ಹೊರಟು ಸಂಜೆ ಮರಳುವವರೆಗೆ ಬೀಳು ಭೂಮಿ, ಕೆರೆಯಂಗಳ, ಕೊಯ್ಲಾದ ಹೊಲಗಳಲ್ಲಿ ನಡೆನಡೆದೇ ಹೊಟ್ಟೆ ತುಂಬಿಸಿಕೊಳ್ಳಬೇಕು. ವಲಸೆ ಹೋಗುವ ದಖನಿ ಕುರಿಗಳ ವಿಷಯವನ್ನಂತೂ ಹೇಳಬೇಕಾಗಿಲ್ಲ. ಇಂಥ ಕುರಿಯ ಒಂದು ಕಾಲು ಕೆಟ್ಟರೆ ಅದು ಮಂದೆಯ ಹಿಂದೆ ಬೀಳುತ್ತದೆ. ಮುಂದಿನವು ಮೇದು ಬಿಟ್ಟದ್ದೇ ಅದರ ಪಾಲು. ಮೈ ಇಳಿಯುತ್ತದೆ. ತಾಯಿ ಕುರಿಯಾದರೆ ಹಾಲು ಕಡಿಮೆಯಾಗಿ ಮರಿ ಸೊರಗುತ್ತದೆ. ಟಗರಿನ ಹಿಂಗಾಲು ನೊಂದರೆ ಅದು ಹೆಣ್ಣು ಕುರಿಗಳ ಮೇಲೆ ಹಾರುವುದಿಲ್ಲ. ಮುಂದೆ ಹುಟ್ಟಬೇಕಾದ ಮರಿಗಳ ಲೆಕ್ಕವೇ ತಪ್ಪುತ್ತದೆ.

ಹೀಗಿದ್ದರೂ, "ಮಳೆಗಾಲದಲ್ಲಿ ಕುರಿ ಕುಂಟುವುದು ಇದ್ದದ್ದೇ, ಬಿಸಿಲು ಬಿದ್ದರೆ ತಾನೇ ಸರಿಹೋಗುತ್ತದೆ" ಎಂದು ಸುಮ್ಮನಿರುವವರು ಬಹಳ ಮಂದಿ. ಈ ಮಾತು ಎಲ್ಲಿ ತಪ್ಪುತ್ತದೆ ಎಂಬುದನ್ನು ತಿಳಿಸುವುದೇ ಇಂದಿನ ನನ್ನ ಮಾತಿನ ಉದ್ದೇಶ.

ಕುಂಟಲು ಕಾರಣಗಳು

ಕುಂಟು ಎಂಬುದು ಒಂದು ರೋಗವಲ್ಲ; ಅದು ಹಲವು ತೊಂದರೆಗಳ ಲಕ್ಷಣ. ಆದ್ದರಿಂದ ಮೊದಲು ಎಷ್ಟು ಕುರಿಗಳು ಕುಂಟುತ್ತಿವೆ ಎಂದು ಎಣಿಸಿರಿ.

ಒಂದೇ ಕುರಿ ಇದ್ದಕ್ಕಿದ್ದಂತೆ ಕುಂಟಿದರೆ ಸಾಮಾನ್ಯವಾಗಿ ಬಳ್ಳಾರಿ ಜಾಲಿಯ ಮುಳ್ಳೋ, ಚೂಪುಗಲ್ಲೋ, ಏಟೋ ಕಾರಣವಾಗಿರುತ್ತದೆ. ಎರೆ ಭೂಮಿಯಲ್ಲಿ ಜಿಗಟು ಮಣ್ಣು ಗೊರಸುಗಳ ಸಂದಿಯಲ್ಲಿ ಸಿಕ್ಕಿ, ಒಣಗಿ ಕಲ್ಲಿನಂತಾಗಿ ಚರ್ಮವನ್ನು ಒತ್ತುವುದೂ ಉಂಟು. ಮುಳ್ಳು ಕಿತ್ತು, ಮಣ್ಣು ಬಿಡಿಸಿ, ಗಾಯಕ್ಕೆ ಟಿಂಚರ್ ಅಯೋಡಿನ್ ಹಚ್ಚಿದರೆ ಸಾಕು. ಗಾಯದಲ್ಲಿ ಹುಳು ಬಿದ್ದಿದ್ದರೆ ಅವನ್ನು ತೆಗೆದು ಚೊಕ್ಕಟ ಮಾಡಿ, ನೊಣ ಕೂಡದಂತೆ ಬೇವಿನ ಎಣ್ಣೆ ಸವರಬೇಕು.

ಎಳೆಯ ಮರಿಗಳ ಕೀಲು ಊದಿ ಬಿಸಿಯಾಗಿದ್ದರೆ, ಬಹುಮಟ್ಟಿಗೆ ಹೊಕ್ಕುಳಿನ ಮೂಲಕ ರೋಗಾಣು ಒಳಹೊಕ್ಕಿದೆ ಎಂದು ತಿಳಿಯಬೇಕು. ಮರಿ ಹುಟ್ಟಿದ ಕೂಡಲೆ ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚುವುದು ಇದಕ್ಕೆ ಸುಲಭವಾದ ತಡೆ. ಕುರಿಗಳು ಮೆಕ್ಕೆಜೋಳದ ರಾಶಿಗೆ ನುಗ್ಗಿ ಕಾಳು ವಿಪರೀತ ತಿಂದರೆ ಹೊಟ್ಟೆ ಕೆಡುವುದಲ್ಲದೆ, ಗೊರಸಿನೊಳಗೆ ಉರಿಯೂತವಾಗಿಯೂ ಕುಂಟಬಹುದು.

ಒಂದೆರಡು ದಿನಗಳಲ್ಲಿ ಹಲವು ಕುರಿಗಳು ಒಟ್ಟಿಗೆ ಕುಂಟಿ ಜ್ವರವೂ ಇದ್ದರೆ ತಡಮಾಡಕೂಡದು. ಕಾಲುಬಾಯಿ ಜ್ವರದಲ್ಲಿ ದನಗಳಿಗೆ ಆಗುವಷ್ಟು ಬಾಯಿಹುಣ್ಣು ಕುರಿಗಳಿಗೆ ಆಗದಿರಬಹುದು. ಅನೇಕ ವೇಳೆ ಕುಂಟುವುದೊಂದೇ ಕಣ್ಣಿಗೆ ಬೀಳುವ ಲಕ್ಷಣ. ಆದರೆ ಅದೇ ಕುರಿಯಿಂದ ಊರಿನ ದನಗಳಿಗೆ ರೋಗ ಹರಡೀತು. ನೀಲಿ ನಾಲಿಗೆ ರೋಗದಲ್ಲಿ ತುಟಿ, ಮುಖ ಊದಿಕೊಂಡು, ಗೊರಸಿನ ಮೇಲಂಚು ಕೆಂಪಾಗಿ, ಕುರಿ ಬೆನ್ನು ಬಾಗಿಸಿ ನಿಲ್ಲುತ್ತದೆ. ಮಳೆಯ ದಿನಗಳಲ್ಲಿ ಹೆಚ್ಚುವ ಸಣ್ಣ ಕಚ್ಚುವ ನೊಣಗಳು ಇದನ್ನು ಹರಡುತ್ತವೆ. ಈ ಎರಡೂ ವೈರಾಣುಗಳಿಂದ ಬರುವ ರೋಗಗಳು. ಕಾಲಿಗೆ ಔಷಧ ಹಚ್ಚಿದ ಮಾತ್ರಕ್ಕೆ ನಿಲ್ಲುವುದಿಲ್ಲ. ಮಂದೆಯನ್ನು ಇದ್ದಲ್ಲೇ ನಿಲ್ಲಿಸಿ ಪಶುವೈದ್ಯರಿಗೆ ತಿಳಿಸಿರಿ. ಎರಡಕ್ಕೂ ಲಸಿಕೆಗಳಿವೆ, ಯಾವಾಗ ಹಾಕಿಸಬೇಕೆಂಬುದನ್ನು ಅವರಿಂದಲೇ ಕೇಳಿ ತಿಳಿಯಿರಿ.

ಗೊರಸು ಕೊಳೆ ರೋಗ

ಇನ್ನು ಮಂದೆಯನ್ನು ಮೆಲ್ಲಮೆಲ್ಲನೆ ಹಾಳುಮಾಡುವ ಗೊರಸು ಕೊಳೆ ರೋಗಕ್ಕೆ ಬರೋಣ. ಮೊದಲು ಎರಡು ಗೊರಸುಗಳ ನಡುವಣ ಚರ್ಮ ಕೆಂಪಾಗಿ, ತೇವವಾಗಿ, ಬಿಳಿಚಿಕೊಳ್ಳುತ್ತದೆ. ಅನಂತರ ಗೊರಸು ಒಳಗಿನ ಮಾಂಸದಿಂದ ಬಿಟ್ಟುಕೊಂಡು ಕೊಳೆಯುತ್ತದೆ. ಆ ನಾತವನ್ನು ಒಮ್ಮೆ ಮೂಸಿದವರು ಮರೆಯುವುದಿಲ್ಲ. ಮುಂಗಾಲುಗಳೆರಡೂ ಕೆಟ್ಟರೆ ಕುರಿ ಮೊಣಕಾಲೂರಿ ಮೇಯುತ್ತದೆ.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ಈ ರೋಗಾಣುವಿನ ಮನೆ ಕೆಸರಲ್ಲ, ರೋಗಿ ಕುರಿಯ ಗೊರಸು. ನೆಲಕ್ಕೆ ಬಿದ್ದ ರೋಗಾಣು ಸಾಮಾನ್ಯವಾಗಿ ಎರಡು ವಾರಗಳಿಗಿಂತ ಹೆಚ್ಚು ಬದುಕುವುದಿಲ್ಲ. ಗೊರಸಿನ ಬಿರುಕಿನೊಳಗಾದರೋ ತಿಂಗಳುಗಟ್ಟಲೆ ಅಡಗಿರುತ್ತದೆ. ಕೆಸರು ಚರ್ಮವನ್ನು ನೆನೆಸಿ ಅದಕ್ಕೆ ಬಾಗಿಲು ತೆರೆದುಕೊಡುತ್ತದೆ, ಅಷ್ಟೆ. ಬೇಸಿಗೆಯಲ್ಲಿ ಕುಂಟು ಕಡಿಮೆಯಾದಂತೆ ಕಂಡರೂ ರೋಗ ಹೋಗಿರುವುದಿಲ್ಲ. ಮುಂದಿನ ಮಳೆಗೆ ಕಾದಿರುತ್ತದೆ. ಕುಂಟುವ ಒಂದು ಕುರಿಯನ್ನು ಮಂದೆಯಲ್ಲಿ ಬಿಟ್ಟುಕೊಂಡರೆ ರೋಗವನ್ನು ನಾವೇ ಸಾಕಿದಂತೆ.

ಉಪಚಾರ

ಕುಂಟುವ ಕುರಿಯನ್ನು ಅಂದೇ ಹಿಡಿದು, ಮಗ್ಗುಲಾಗಿ ಕೂರಿಸಿ, ನಾಲ್ಕೂ ಕಾಲುಗಳನ್ನು ನೋಡಿರಿ. ಕೊಳೆ ಕಂಡರೆ ಮಂದೆಯಿಂದ ಬೇರ್ಪಡಿಸಿ ಒಣ ನೆಲದಲ್ಲಿ ಕಟ್ಟಿರಿ. ಪಶುವೈದ್ಯರಿಂದ ತಕ್ಕ ಪ್ರತಿಜೀವಕದ ಚುಚ್ಚುಮದ್ದು ಕೊಡಿಸಿರಿ. ಬೇಗ ಕೊಡಿಸಿದಷ್ಟೂ ಬೇಗ ಗುಣ. ಚುಚ್ಚುಮದ್ದಾದ ಮೇಲೆ ವೈದ್ಯರು ಹೇಳಿದ ಅವಧಿ ಮುಗಿಯುವ ತನಕ ಆ ಕುರಿಯನ್ನು ಮಾಂಸಕ್ಕೆ ಮಾರಕೂಡದು.

ಕೊಳೆತ ಗೊರಸನ್ನು ರಕ್ತ ಬರುವವರೆಗೆ ಹೆರೆಯುವ ರೂಢಿ ಹಿಂದೆ ಇತ್ತು. ಹಾಗೆ ಮಾಡಿದರೆ ಗುಣವಾಗುವುದು ತಡವಾಗುತ್ತದೆ ಎಂದು ಈಗ ತಿಳಿದುಬಂದಿದೆ. ಆದ್ದರಿಂದ ರೋಗವಿರುವಾಗ ಗೊರಸನ್ನು ಹೆರೆಯಬೇಡಿ. ಗುಣವಾದ ಮೇಲೆ, ಅತಿಯಾಗಿ ಬೆಳೆದ ಭಾಗವನ್ನು ಮಾತ್ರ ಹಗುರವಾಗಿ ಕತ್ತರಿಸಿರಿ. ಒಂದು ಕುರಿಗೆ ಬಳಸಿದ ಚಾಕುವನ್ನು ಔಷಧದ ನೀರಿನಲ್ಲಿ ತೊಳೆಯದೆ ಇನ್ನೊಂದಕ್ಕೆ ಬಳಸಬೇಡಿ. ಕತ್ತರಿಸಿದ ಚೂರುಗಳನ್ನು ಸುಟ್ಟುಬಿಡಿ.

ಔಷಧದ ತೊಟ್ಟಿ

ಉಳಿದ ಮಂದೆಯನ್ನು ಔಷಧದ ನೀರಿನಲ್ಲಿ ನಿಲ್ಲಿಸಬೇಕು. ಭತ್ತದ ಗದ್ದೆಗೆ ಹಾಕುವ ಜಿಂಕ್ ಸಲ್ಫೇಟ್ ಇದಕ್ಕೆ ಒಳ್ಳೆಯದು. 100 ಲೀಟರ್ ನೀರಿಗೆ 10 ಕಿಲೋ ಪ್ರಮಾಣದಲ್ಲಿ ಕರಗಿಸಿ, ಗೊರಸು ಪೂರ್ತಿ ಮುಳುಗುವಷ್ಟು ತುಂಬಿ, 10ರಿಂದ 15 ನಿಮಿಷ ನಿಲ್ಲಿಸಿರಿ. ಫಾರ್ಮಲಿನ್ ಬಳಸುವುದಾದರೆ 97 ಲೀಟರ್ ನೀರಿಗೆ 3 ಲೀಟರ್ ಸಾಕು. ಹೆಚ್ಚಾದರೆ ಚರ್ಮ ಸುಡುತ್ತದೆ. ಇದರಲ್ಲಿ ನಿಲ್ಲಿಸದೆ ನಡೆಸಿಕೊಂಡು ಹೋದರೆ ಸಾಕು. ಇದರ ಹೊಗೆ ಕಣ್ಣು, ಮೂಗಿಗೆ ಕೆಟ್ಟದ್ದು. ಗಾಳಿಯಾಡುವ ಬಯಲಿನಲ್ಲೇ ಬಳಸಬೇಕು. ಮೈಲುತುತ್ತವೂ ಉಪಯುಕ್ತವೇ, ಆದರೆ ಕುರಿ ಅದನ್ನು ಕುಡಿದರೆ ವಿಷವಾಗುತ್ತದೆ.

ತೊಟ್ಟಿಗೆ ಇಳಿಸುವ ಮೊದಲು ಕುರಿಗಳ ಕಾಲಿನ ಕೆಸರು ತೊಳೆದು, ಹೊಟ್ಟೆ ತುಂಬ ನೀರು ಕುಡಿಸಿರಿ. ಬಾಯಾರಿದ ಕುರಿ ಔಷಧದ ನೀರಿಗೇ ಬಾಯಿ ಹಾಕುತ್ತದೆ. ಅನಂತರ ಒಂದು ಗಂಟೆ ಕಾಲ ಒಣ ನೆಲದಲ್ಲಿ ನಿಲ್ಲಿಸಿ, ಎರಡು ವಾರ ಕುರಿ ತುಳಿಯದ ಜಾಗಕ್ಕೆ ಮೇಯಲು ಬಿಡಿ. ವಲಸೆಗಾರರು ಉದ್ದನೆಯ ತಗ್ಗು ತೋಡಿ, ದಪ್ಪ ಟಾರ್ಪಾಲಿನ್ ಹಾಸಿ ತೊಟ್ಟಿ ಮಾಡಿಕೊಳ್ಳಬಹುದು. ಮಿಕ್ಕ ಔಷಧವನ್ನು ಕೆರೆ, ಹಳ್ಳಗಳಿಗೆ ಚೆಲ್ಲಬಾರದು.

ಮುನ್ನೆಚ್ಚರಿಕೆ

ಸಂತೆಯಿಂದ ತಂದ ಕುರಿಯನ್ನು ನೇರವಾಗಿ ಮಂದೆಗೆ ಸೇರಿಸಬೇಡಿ. ಕೊಳ್ಳುವಾಗಲೇ ನಾಲ್ಕು ಹೆಜ್ಜೆ ನಡೆಸಿ ನೋಡಿ, ಕಾಲೆತ್ತಿ ಗೊರಸಿನ ಸಂದಿ ಪರೀಕ್ಷಿಸಿರಿ. ಮನೆಗೆ ತಂದಮೇಲೆ ನಾಲ್ಕು ವಾರ ಬೇರೆ ಇಡಿ. ರೊಪ್ಪವನ್ನು ನೀರು ನಿಲ್ಲದ ಎತ್ತರದ ಜಾಗದಲ್ಲಿ ಮಾಡಿ, ನೀರಿನ ತೊಟ್ಟಿಯ ಸುತ್ತ ಗರಸು ಹಾಕಿರಿ. ಉಪಚಾರ ಮಾಡಿದರೂ ಮತ್ತೆಮತ್ತೆ ಕುಂಟುವ ಕುರಿಯನ್ನು ಮಂದೆಯಲ್ಲಿ ಇಟ್ಟುಕೊಳ್ಳಬೇಡಿ. ಅಂಥದ್ದರ ಮರಿಯನ್ನು ಬೀಜದ ಟಗರಾಗಿ ಉಳಿಸಬೇಡಿ. ಹಾಗೆಂದು ಅದನ್ನು ಇನ್ನೊಬ್ಬ ಸಾಕಣೆದಾರನಿಗೆ ದಾಟಿಸುವುದೂ ಸಲ್ಲದು. ಇಂದು ನಿಮ್ಮ ಮಂದೆಯಿಂದ ಹೋದ ರೋಗ ನಾಳೆ ಅದೇ ಸಂತೆಯ ದಾರಿಯಲ್ಲಿ ನಿಮ್ಮ ರೊಪ್ಪಕ್ಕೇ ಮರಳೀತು.

ವಿಸ್ತರಣಾ ಕಾರ್ಯಕರ್ತರಲ್ಲಿ ನನ್ನ ವಿನಂತಿ ಇಷ್ಟೆ: ಮುಂಗಾರಿಗೆ ಮುಂಚೆ ಊರಿಗೊಂದು ತೊಟ್ಟಿ ಸಿದ್ಧವಾಗುವಂತೆ ನೋಡಿಕೊಳ್ಳಿ. ಒಬ್ಬನೇ ಉಪಚಾರ ಮಾಡಿ, ಪಕ್ಕದ ಮಂದೆಯವನು ಸುಮ್ಮನಿದ್ದರೆ ಫಲ ನಿಲ್ಲದು. ಪಶುವೈದ್ಯ ಸಹಾಯವಾಣಿ 1962 ಎಂಬುದನ್ನು ಎಲ್ಲ ಕುರಿಗಾರರಿಗೂ ತಿಳಿಸಿರಿ.

ಕುರಿಗಾರ ಬಾಂಧವರೇ, ಸಂಜೆ ಕುರಿಗಳು ರೊಪ್ಪ ಸೇರುವಾಗ ತಲೆ ಎಣಿಸುವ ಅಭ್ಯಾಸ ನಿಮ್ಮೆಲ್ಲರಿಗೂ ಇದೆ. ತಲೆಯ ಜೊತೆಗೆ ನಡಿಗೆಯನ್ನೂ ನೋಡಿರಿ. ಅದಕ್ಕೆ ಬೇರೆ ಖರ್ಚಿಲ್ಲ.