ಇಳಿದ ಕಚ್ಚಾತೈಲ, ಇಳಿಯದ ಕೀಲೆಣ್ಣೆ



ನಮ್ಮ ಕಡೆಯ ಒಕ್ಕಲುತನದಲ್ಲಿ ‘ಕೀಲೆಣ್ಣೆ’ ಎಂಬುದೊಂದು ಹಳೆಯ ಮಾತು. ಚಕ್ಕಡಿಯ ಅಚ್ಚು ಉಜ್ಜಿ ಸವೆಯದಂತೆ, ಗಾಲಿ ಕಿರುಗುಟ್ಟದಂತೆ ಹಚ್ಚುವ ಎಣ್ಣೆಗೆ ಆ ಹೆಸರು. ಹೊಲದ ಬದುವಿನಲ್ಲಿ ಬೆಳೆದ ಔಡಲದ ಬೀಜವನ್ನು ಮನೆಯಲ್ಲಿಯೇ ಕಾಯಿಸಿ ಎಣ್ಣೆ ತೆಗೆಯುತ್ತಿದ್ದರು. ಇಲ್ಲವೇ ಗಾಣಕ್ಕೆ ಒಯ್ಯುತ್ತಿದ್ದರು. ಬೀಜ ಎಷ್ಟು, ಎಣ್ಣೆ ಎಷ್ಟು, ಗಾಣಿಗನ ಕೂಲಿ ಎಷ್ಟು ಎಂಬುದು ಒಕ್ಕಲಿಗನ ಕಣ್ಣೆದುರಿಗೇ ಇರುತ್ತಿತ್ತು. ಔಡಲ ಅಗ್ಗವಾದರೆ ಎಣ್ಣೆಯೂ ಅಗ್ಗ. ಇದರಲ್ಲಿ ವಿವರಿಸಿ ಹೇಳಬೇಕಾದ ಗೂಢವೇನೂ ಇರಲಿಲ್ಲ. ಔಡಲಕ್ಕೂ ಇಂದಿನ ಮೋಟಾರು ಎಣ್ಣೆಗೂ ಒಂದು ನಂಟುಂಟು. 1909ರಲ್ಲಿ ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿಯವರು ತಮ್ಮ ಯಂತ್ರದೆಣ್ಣೆಗೆ ಔಡಲೆಣ್ಣೆಯನ್ನು ಬೆರೆಸಿ, ಅದರ ಇಂಗ್ಲಿಷ್ ಹೆಸರಾದ ‘ಕ್ಯಾಸ್ಟರ್’ ಎಂಬುದರಿಂದಲೇ ‘ಕ್ಯಾಸ್ಟ್ರಾಲ್’ ಎಂಬ ಹೆಸರನ್ನು ಕಟ್ಟಿದರು.

ಈಗ ಚಕ್ಕಡಿಯ ಸ್ಥಾನಕ್ಕೆ ಟ್ರ್ಯಾಕ್ಟರು ಬಂದಿದೆ. ವಿಜಯಪುರದಿಂದ ಅಥಣಿಯ ರಸ್ತೆ ಹಿಡಿದು ತಿಕೋಟಾಕ್ಕೆ ಹೋಗುವವರಿಗೆ, ಅಲ್ಲಿಂದ ಬಬಲೇಶ್ವರದ ಕಡೆಗೆ ತಿರುಗುವವರಿಗೆ, ದ್ರಾಕ್ಷಿಯ ಪಡದಲ್ಲಿ ಔಷಧಿ ಸಿಂಪಡಿಸುತ್ತ ಸಾಲು ಸಾಲಾಗಿ ಓಡಾಡುವ ಸಣ್ಣ ಟ್ರ್ಯಾಕ್ಟರುಗಳು ಕಂಡೇ ಕಾಣುತ್ತವೆ. ಅವುಗಳಿಗೂ ಕೀಲೆಣ್ಣೆ ಬೇಕು. ಆದರೆ ಈ ಎಣ್ಣೆಯ ಬೀಜ ನಮ್ಮ ಬದುವಿನಲ್ಲಿ ಬೆಳೆಯುವುದಿಲ್ಲ. ಇದರ ಗಾಣವನ್ನು ನಾವು ಕಂಡಿಲ್ಲ. ಆದುದರಿಂದಲೇ ಒಂದು ಪ್ರಶ್ನೆ ಹುಟ್ಟಿಕೊಳ್ಳುತ್ತದೆ: ಕಚ್ಚಾತೈಲದ ಬೆಲೆ ನೆಲ ಕಚ್ಚಿತೆಂದು ಪತ್ರಿಕೆಯಲ್ಲಿ ಓದುತ್ತೇವೆ, ಅಂಗಡಿಯಲ್ಲಿ ಎಣ್ಣೆಯ ಡಬ್ಬಿಯ ಬೆಲೆ ಮಾತ್ರ ಇದ್ದಲ್ಲಿಯೇ ಇರುತ್ತದಲ್ಲ, ಏಕೆ?

ಪ್ರಶ್ನೆ ನ್ಯಾಯವಾದದ್ದೇ. ಎರಡು ಸಂದರ್ಭಗಳನ್ನು ನೆನೆಯೋಣ. 2014ರ ಜೂನ್ ತಿಂಗಳಲ್ಲಿ ಒಂದು ಬ್ಯಾರೆಲ್ಲು, ಅಂದರೆ ಸುಮಾರು 159 ಲೀಟರು, ಕಚ್ಚಾತೈಲಕ್ಕೆ 110 ಡಾಲರಿಗೂ ಮಿಕ್ಕಿ ಬೆಲೆಯಿತ್ತು. 2016ರ ಜನವರಿಯಲ್ಲಿ ಅದು 30 ಡಾಲರಿಗಿಂತ ಕೆಳಗಿಳಿಯಿತು. ಹನ್ನೆರಡು ವರ್ಷಗಳಲ್ಲಿ ಕಾಣದ ಇಳಿತ ಅದು. ನಮ್ಮ ಜಿಲ್ಲೆಗೆ ಅದು ಬರದ ಕಾಲ. ತಿಕೋಟಾ ಭಾಗದಲ್ಲಿ ಕೊಳವೆಬಾವಿಗಳು ಬತ್ತಿ, ದ್ರಾಕ್ಷಿಯ ಬಳ್ಳಿಯನ್ನು ಉಳಿಸಿಕೊಳ್ಳಲು ಟ್ಯಾಂಕರುಗಳಲ್ಲಿ ನೀರು ತಂದು ಹಾಕಿದ ದಿನಗಳವು. ಎಣ್ಣೆಯ ಇಳಿತದ ಲಾಭ ಯಾರಿಗಾದರೂ ಮುಟ್ಟಬೇಕಾಗಿದ್ದರೆ, ಹಗಲಿರುಳು ಯಂತ್ರ ಓಡಿಸಿದ ಆ ಒಕ್ಕಲಿಗರಿಗೆ ಮುಟ್ಟಬೇಕಾಗಿತ್ತು. ಎರಡನೆಯ ಸಂದರ್ಭ 2020ರ ಏಪ್ರಿಲ್ ತಿಂಗಳು. ಆ ತಿಂಗಳ 20ರಂದು ಅಮೆರಿಕದ ವಾಯಿದೆ ಪೇಟೆಯಲ್ಲಿ ಬೆಲೆ ಸೊನ್ನೆಗಿಂತಲೂ ಕೆಳಗೆ ಜಾರಿ, ಮಾರುವವನೇ ಬ್ಯಾರೆಲ್ಲಿಗೆ 37 ಡಾಲರು ಕೊಟ್ಟು ಕೈತೊಳೆದುಕೊಳ್ಳುವ ಸ್ಥಿತಿ ಬಂದಿತು. ಅದು ತುಂಬಿಹೋದ ಸಂಗ್ರಹ ತೊಟ್ಟಿಗಳಿಂದಾದ, ಒಂದು ಕರಾರಿಗೆ ಸೀಮಿತವಾದ ವಿಪರೀತ, ನಿಜ. ಆದರೂ ಭಾರತ ಕೊಳ್ಳುವ ತೈಲದ ಸರಾಸರಿ ಬೆಲೆಯೂ ಆ ತಿಂಗಳು 20 ಡಾಲರಿನ ಆಸುಪಾಸಿನಲ್ಲಿತ್ತು.

ಮುಂದುವರಿಯುವ ಮೊದಲು ಉರಿಯುವ ಎಣ್ಣೆಯನ್ನೂ ಉಜ್ಜಿಕೆ ತಡೆಯುವ ಎಣ್ಣೆಯನ್ನೂ ಬೇರೆ ಬೇರೆಯಾಗಿ ನೋಡಬೇಕು. ಪೆಟ್ರೋಲು, ಡೀಸೆಲ್ಲುಗಳ ಮಟ್ಟಿಗೆ ಇಳಿತವನ್ನು ನಡುವೆಯೇ ತಡೆದು ನಿಲ್ಲಿಸಿದ್ದು ತೆರಿಗೆ. 2014ರ ನವೆಂಬರಿನಿಂದ 2016ರ ಜನವರಿಯವರೆಗೆ ಕೇಂದ್ರ ಸರಕಾರವು ಒಂಬತ್ತು ಸಲ ಅಬಕಾರಿ ಸುಂಕವನ್ನು ಏರಿಸಿತು. ಒಟ್ಟಿಗೆ ಪೆಟ್ರೋಲಿಗೆ ಲೀಟರಿಗೆ 11 ರೂಪಾಯಿ 77 ಪೈಸೆ, ಡೀಸೆಲ್ಲಿಗೆ 13 ರೂಪಾಯಿ 47 ಪೈಸೆ. 2020ರ ಮೇ ತಿಂಗಳಲ್ಲಿ ಒಂದೇ ಏಟಿಗೆ ಪೆಟ್ರೋಲಿನ ಮೇಲೆ 10 ರೂಪಾಯಿ, ಡೀಸೆಲ್ಲಿನ ಮೇಲೆ 13 ರೂಪಾಯಿ ಏರಿತು. ಅದೇ ವರ್ಷದ ಆಯವ್ಯಯದಲ್ಲಿ ನಮ್ಮ ರಾಜ್ಯ ಸರಕಾರವೂ ಮಾರಾಟ ತೆರಿಗೆಯನ್ನು ಪೆಟ್ರೋಲಿಗೆ ಶೇಕಡಾ 32ರಿಂದ 35ಕ್ಕೆ, ಡೀಸೆಲ್ಲಿಗೆ 21ರಿಂದ 24ಕ್ಕೆ ಏರಿಸಿತ್ತು. ಆ ಹಣದಿಂದ ಶಾಲೆ, ರಸ್ತೆ, ಔಷಧಿಗಳಿಗೂ ನೆರವಾಯಿತೆಂದು ವಾದಿಸಬಹುದು. ಏನೇ ಇರಲಿ, ಅಲ್ಲಿ ಇಳಿತವನ್ನು ಯಾರು ಇಟ್ಟುಕೊಂಡರೆಂಬುದು ರಾಜಪತ್ರದಲ್ಲಿ ಅಚ್ಚಾಗಿದೆ, ಬೇಕಾದವರು ಓದಬಹುದು.

ಯಂತ್ರದೆಣ್ಣೆಯ ಕಥೆ ಹಾಗಲ್ಲ. ಅದರ ಮೇಲೆ 2017ರ ಜುಲೈ ತಿಂಗಳಿಂದ ಶೇಕಡಾ 18ರ ಸರಕು ಮತ್ತು ಸೇವಾ ತೆರಿಗೆ ಇದೆ. ಕಚ್ಚಾತೈಲ ಇಳಿದಾಗಲೆಲ್ಲ ಈ ತೆರಿಗೆ ಏರುವುದಿಲ್ಲ. ಹಾಗಿದ್ದರೆ ಇಳಿತ ಎಲ್ಲಿ ಇಂಗಿತು? ಇದನ್ನು ತಿಳಿಯಲು ನಾವು ಕಾಣದ ಆ ಗಾಣವನ್ನೊಮ್ಮೆ ನೋಡಬೇಕು.

ಶುದ್ಧೀಕರಣ ಕಾರ್ಖಾನೆಯಲ್ಲಿ ಕಚ್ಚಾತೈಲವನ್ನು ಕಾಯಿಸಿದಾಗ ಅಡಿಗೆ ಅನಿಲ, ಪೆಟ್ರೋಲು, ಸೀಮೆಎಣ್ಣೆ, ಡೀಸೆಲ್ಲುಗಳು ಒಂದೊಂದಾಗಿ ಬೇರ್ಪಡುತ್ತವೆ. ತಳದಲ್ಲಿ ಉಳಿಯುವ ದಪ್ಪನೆಯ ಭಾಗವನ್ನು ಗಾಳಿಯ ಒತ್ತಡ ತಗ್ಗಿಸಿ ಮತ್ತೆ ಬಟ್ಟಿಯಿಳಿಸಿ, ಮೇಣವನ್ನೂ ಬೇಡವಾದ ಇತರ ಅಂಶಗಳನ್ನೂ ತೆಗೆದರೆ ದೊರೆಯುವುದು ‘ಮೂಲ ಎಣ್ಣೆ’. ಬಳಕೆಗೆ ಬರುವ ಕಚ್ಚಾತೈಲದಲ್ಲಿ ನೂರಕ್ಕೆ ಒಂದರಷ್ಟು ಮಾತ್ರ ಹೀಗೆ ಕೀಲೆಣ್ಣೆಯಾಗುತ್ತದೆ. ಇದನ್ನು ಸಿಲ್ವಾಸಾದಂಥ ಊರುಗಳ ಮಿಶ್ರಣ ಕಾರ್ಖಾನೆಗಳಿಗೆ ತಂದು, ಮಸಿಯನ್ನು ತೊಳೆಯುವ, ಸವೆತವನ್ನು ತಡೆಯುವ, ಬಿಸಿಯಲ್ಲಿಯೂ ಎಣ್ಣೆ ತೀರ ತೆಳುವಾಗದಂತೆ ಕಾಯುವ ರಾಸಾಯನಿಕಗಳನ್ನು ಬೆರೆಸುತ್ತಾರೆ. ನೂರರಲ್ಲಿ ಹತ್ತರಿಂದ ಮೂವತ್ತು ಪಾಲು ಇಂಥ ಬೆರಕೆಯೇ. ಜಗತ್ತಿನಲ್ಲಿ ಅವನ್ನು ತಯಾರಿಸುವ ದೊಡ್ಡ ಕಂಪನಿಗಳು ನಾಲ್ಕೇ ನಾಲ್ಕು.

ಈಗ ಲೆಕ್ಕ ನೋಡೋಣ. 2014ರ ನಡುವಿನಲ್ಲಿ ಡಾಲರಿಗೆ ಸುಮಾರು 60 ರೂಪಾಯಿ. ಬ್ಯಾರೆಲ್ಲಿಗೆ 110 ಡಾಲರಾದರೆ ಲೀಟರು ಕಚ್ಚಾತೈಲಕ್ಕೆ ಸುಮಾರು 41 ರೂಪಾಯಿ 50 ಪೈಸೆ. 2016ರ ಜನವರಿಯಲ್ಲಿ ಡಾಲರಿಗೆ ಸುಮಾರು 68 ರೂಪಾಯಿ. ಬ್ಯಾರೆಲ್ಲಿಗೆ 28 ಡಾಲರಾದರೆ ಲೀಟರಿಗೆ ಸುಮಾರು 12 ರೂಪಾಯಿ. ವ್ಯತ್ಯಾಸ ಮೂವತ್ತು ರೂಪಾಯಿಗೆ ತುಸು ಕಡಿಮೆ. ಎಣ್ಣೆಯ ಡಬ್ಬಿಯ ಬೆಲೆ ಲೀಟರಿಗೆ 300 ರೂಪಾಯಿ ಎಂದು ಇಟ್ಟುಕೊಂಡರೆ, ಕಚ್ಚಾತೈಲದ ಈ ಇಳಿತವೆಲ್ಲ ಲೀಟರಿಗೆ ಲೀಟರಿನಂತೆ ಕೊಳ್ಳುವವನ ಕೈಸೇರಿದ್ದರೂ ಡಬ್ಬಿಯ ಬೆಲೆ 270ಕ್ಕೆ ಇಳಿಯುತ್ತಿತ್ತೇ ಹೊರತು ಅರ್ಧಕ್ಕಲ್ಲ. ‘ತೈಲ ಮುಕ್ಕಾಲು ಪಾಲು ಇಳಿಯಿತು, ಡಬ್ಬಿಯೂ ಮುಕ್ಕಾಲು ಪಾಲು ಇಳಿಯಲಿ’ ಎಂಬ ನಮ್ಮ ನಿರೀಕ್ಷೆ ಹೆಚ್ಚಿನದು. ಆದರೆ ಮೂವತ್ತು ರೂಪಾಯಿಯೂ ಕಾಣದಿದ್ದರೆ, ‘ಅದೆಲ್ಲಿ ಹೋಯಿತು?’ ಎಂದು ಕೇಳುವುದು ಹೆಚ್ಚಿನದಲ್ಲ.

ಹೋದ ದಾರಿಗಳು ಮೂರು. ಮೊದಲನೆಯದು ಮೂಲ ಎಣ್ಣೆಯ ಪೇಟೆ. ಕಚ್ಚಾತೈಲ ಇಳಿದರೆ ಮೂಲ ಎಣ್ಣೆಯೂ ಇಳಿಯಬೇಕಾದದ್ದು ನಿಜ. ಆದರೆ ಅದಕ್ಕೆ ತನ್ನದೇ ಆದ ಬೇಡಿಕೆ, ತನ್ನದೇ ಆದ ಅಭಾವಗಳುಂಟು. 2020ರಲ್ಲಿ ವಿಮಾನಗಳು ನಿಂತು, ವಾಹನಗಳು ನಿಂತು, ಶುದ್ಧೀಕರಣ ಕಾರ್ಖಾನೆಗಳು ಕೆಲಸವನ್ನು ತಗ್ಗಿಸಿದವು. ಪೆಟ್ರೋಲಿನ ಜೊತೆಯಲ್ಲಿಯೇ ಹುಟ್ಟಬೇಕಾಗಿದ್ದ ಮೂಲ ಎಣ್ಣೆಯೂ ಕಡಿಮೆಯಾಯಿತು. ಪರಿಣಾಮವಾಗಿ 2021ರಲ್ಲಿ ಅದರ ಬೆಲೆ ಹಿಂದೆಂದೂ ಇಲ್ಲದ ಎತ್ತರಕ್ಕೆ ಹೋಯಿತು. ತಾಯಿ ಅಗ್ಗವಾದ ಕಾರಣದಿಂದಲೇ ಮಗು ತುಟ್ಟಿಯಾದ ವಿಚಿತ್ರವಿದು.

ಎರಡನೆಯದು ಕಾಲ. ಇಂದು ಹಡಗಿಗೆ ಏರಿದ ತೈಲವು ಕಡಲು ದಾಟಿ, ಕಾಯ್ದು, ಬೆರೆತು, ಡಬ್ಬಿಯಾಗಿ, ವಿಜಯಪುರದ ವಿತರಕನ ಉಗ್ರಾಣ ಸೇರಿ, ತಿಕೋಟಾದ ಅಂಗಡಿಯ ಹಲಗೆಯ ಮೇಲೆ ಕುಳಿತುಕೊಳ್ಳಲು ತಿಂಗಳುಗಳೇ ಬೇಕು. ಅಂಗಡಿಯವನು ಹಳೆಯ ಬೆಲೆಗೆ ತಂದ ಸರಕನ್ನು ಹೊಸ ಬೆಲೆಗೆ ಇಳಿಸಿ ಕೊಡಲಾರ. ಆತನ ಮಾತು ಸುಳ್ಳಲ್ಲ. ಆದರೆ ಬೆಲೆ ಏರಿದಾಗ ಅದೇ ಹಳೆಯ ಸರಕು ಹಳೆಯ ಬೆಲೆಗೇ ದೊರೆಯುತ್ತದೆಯೇ ಎಂಬುದನ್ನು ಕೊಂಡವರೇ ಹೇಳಬೇಕು.

ಮೂರನೆಯದು ಎಲ್ಲಕ್ಕಿಂತ ಮುಖ್ಯ: ಈ ವ್ಯಾಪಾರದಲ್ಲಿ ಹಣ ಕೊಡುವವನೊಬ್ಬ, ಆಯ್ಕೆ ಮಾಡುವವನು ಇನ್ನೊಬ್ಬ. ಔಷಧಿಯನ್ನು ವೈದ್ಯರು ಬರೆದಂತೆ ಎಣ್ಣೆಯನ್ನು ಗ್ಯಾರೇಜಿನ ಮೇಸ್ತ್ರಿ ಹೇಳುತ್ತಾನೆ; ನಾವು ‘ಆಗಲಿ’ ಎನ್ನುತ್ತೇವೆ. ವರ್ಷಕ್ಕೆ ಒಂದೆರಡು ಸಲ ಕೊಳ್ಳುವ ವಸ್ತುವಿನ ಹಿಂದಿನ ಬೆಲೆ ನಮಗೆ ನೆನಪಿರುವುದಿಲ್ಲ. ಕಂಪನಿಗಳಿಗೆ ಇದು ಚೆನ್ನಾಗಿ ಗೊತ್ತು. ಆದುದರಿಂದ ಇಳಿತ ಬಂದಾಗ ಡಬ್ಬಿಯ ಮೇಲಿನ ಅಚ್ಚಿನ ಬೆಲೆಯನ್ನು ಇಳಿಸುವುದಕ್ಕಿಂತ, ವಿತರಕನಿಗೆ ರಿಯಾಯಿತಿ, ಅಂಗಡಿಯವನಿಗೆ ಯೋಜನೆ, ಮೇಸ್ತ್ರಿಗೆ ಕೂಪನ್ನು ಎಂದು ಹಂಚುವುದು ಅವರಿಗೆ ಲಾಭಕರ. ಉಳಿದದ್ದು ಕಂಪನಿಯ ಖಾತೆಗೆ. ಭಾರತದ ಕ್ಯಾಸ್ಟ್ರಾಲ್ ಕಂಪನಿಯ ನಿವ್ವಳ ಲಾಭ 2014ರಲ್ಲಿ ಸುಮಾರು 475 ಕೋಟಿ ರೂಪಾಯಿಗಳಿದ್ದದ್ದು, ಕಚ್ಚಾತೈಲ ಕುಸಿದ 2015ರಲ್ಲಿ ಸುಮಾರು 615 ಕೋಟಿಗೆ ಏರಿತು. ಮಾರಾಟದ ಮೊತ್ತ ಮಾತ್ರ ಆ ವರ್ಷ ತುಸು ಇಳಿದಿತ್ತು. ಇದರಲ್ಲಿ ಕಾನೂನಿಗೆ ವಿರುದ್ಧವಾದದ್ದೇನೂ ಇಲ್ಲ. ಕೇಳುವವರಿಲ್ಲದ ಕಡೆ ವ್ಯಾಪಾರವು ತಾನಾಗಿ ಕೊಡುವುದಿಲ್ಲ, ಅಷ್ಟೇ.

ಅರ್ಥಶಾಸ್ತ್ರಜ್ಞ ರಾಬರ್ಟ್ ಬೇಕನ್ 1991ರಲ್ಲಿ ಬ್ರಿಟನ್ನಿನ ಪೆಟ್ರೋಲ್ ಬೆಲೆಗಳನ್ನು ಪರಿಶೀಲಿಸಿ, ಏರುವಾಗ ರಾಕೆಟ್ಟು, ಇಳಿಯುವಾಗ ಹಕ್ಕಿಯ ಗರಿ ಎಂಬ ಹೋಲಿಕೆಯನ್ನು ಕೊಟ್ಟರು. ಆ ಮಾತು ಅಂದಿನಿಂದ ಆ ಶಾಸ್ತ್ರದಲ್ಲಿ ರೂಢಿಗೆ ಬಂದಿದೆ. ಆದರೆ ನಮ್ಮ ತಿಕೋಟಾ, ಬಬಲೇಶ್ವರಗಳ ಒಕ್ಕಲಿಗನ ಪಾಲಿಗೆ ಈ ಹೋಲಿಕೆ ಅರ್ಧ ಮಾತ್ರ. ಅವನು ಕೊಳ್ಳುವ ವಸ್ತುವಿನ ಬೆಲೆ ಗರಿಯಂತೆ ಇಳಿಯುತ್ತದೆ. ಅವನು ಮಾರುವ ವಸ್ತುವಿನ ಬೆಲೆ ಕಲ್ಲಿನಂತೆ ಬೀಳುತ್ತದೆ. 2020ರ ಮಾರ್ಚ್ 25ರಿಂದ ದೇಶ ಬಾಗಿಲು ಮುಚ್ಚಿದಾಗ, ಬಳ್ಳಿಯಲ್ಲಿ ಕಳಿತ ಹಣ್ಣನ್ನು ಕೊಳ್ಳಲು ಹೊರಗಿನ ವ್ಯಾಪಾರಿಗಳು ಬರಲಿಲ್ಲ. ಬೆಲೆ ಅಂದಿನಂದಿಗೇ ಬಿದ್ದಿತು. ಎಷ್ಟೋ ಜನ ಹಣ್ಣನ್ನು ಒಣಗಿಸಿ ಒಣದ್ರಾಕ್ಷಿ ಮಾಡಿಕೊಂಡರು. ‘ನಾನು ತುಟ್ಟಿಯ ಕಾಲದಲ್ಲಿ ಗೊಬ್ಬರ ಹಾಕಿದ್ದೇನೆ, ಇದು ಹಳೆಯ ಸರಕು’ ಎಂದು ವಿಜಯಪುರದ ಪೇಟೆಯಲ್ಲಾಗಲಿ, ತಾಸಗಾವಿಯ ಪೇಟೆಯಲ್ಲಾಗಲಿ ಸವಾಲಿನ ಮುಂದೆ ಅವನು ಹೇಳಲು ಬರುತ್ತದೆಯೇ? ಒಣದ್ರಾಕ್ಷಿಯ ಪೆಟ್ಟಿಗೆಯ ಮೇಲೆ ತನ್ನ ಬೆಲೆಯನ್ನು ಅಚ್ಚು ಹಾಕಿಸಿ ಸವಾಲಿಗೆ ಇಡುವ ಅಧಿಕಾರ ಅವನಿಗಿಲ್ಲ. ಮಾರುವಾಗ ಬೆಲೆ ಹೇಳಲಾರದವನು, ಕೊಳ್ಳುವಾಗಲೂ ಬೆಲೆ ಕೇಳಲಾರದವನು ಒಬ್ಬನೇ ಎಂಬುದು ಈ ವಿಷಯದಲ್ಲಿ ನನಗೆ ತೋರಿದ ಮುಖ್ಯ ಸಂಗತಿ.

ಇದರ ಫಲ ಕೇವಲ ಮೂವತ್ತು ರೂಪಾಯಿಯ ನಷ್ಟವಲ್ಲ. ಹಲವು ಟ್ರ್ಯಾಕ್ಟರುಗಳಿಗೆ 250 ತಾಸಿಗೊಮ್ಮೆ ಎಣ್ಣೆ ಬದಲಿಸಬೇಕು. ಕೈ ಬಿಗಿಯಾದಾಗ ‘ಈ ಹಂಗಾಮು ಮುಗಿಯಲಿ’ ಎಂದು ಮುಂದಕ್ಕೆ ಹಾಕುತ್ತಾರೆ. ಇಲ್ಲವೇ ಗುರುತಿಲ್ಲದ ಬಿಡಿ ಎಣ್ಣೆಯನ್ನು, ಹಳೆಯ ಡಬ್ಬಿಗೆ ತುಂಬಿದ ಸುಟ್ಟ ಎಣ್ಣೆಯನ್ನು ಅಗ್ಗವೆಂದು ತರುತ್ತಾರೆ. ಎಣ್ಣೆಯಲ್ಲಿ ಉಳಿದ ನೂರು ರೂಪಾಯಿ ಇಂಜಿನಿನಲ್ಲಿ ಹತ್ತಾರು ಸಾವಿರವಾಗಿ ಹೋಗುತ್ತದೆ, ಅದೂ ಸಿಂಪರಣೆ ಒಂದು ದಿನ ತಪ್ಪಿದರೆ ರೋಗ ಹಬ್ಬುವ ಹೊತ್ತಿನಲ್ಲಿ.

ಹಾಗಾದರೆ ಮಾಡಬೇಕಾದುದೇನು? ಡಬ್ಬಿಯ ಮೇಲಿನದು ‘ಗರಿಷ್ಠ’ ಬೆಲೆ ಎಂಬುದನ್ನು ಮೊದಲು ನೆನಪಿಡಬೇಕು. ಅದಕ್ಕಿಂತ ಹೆಚ್ಚು ತೆಗೆದುಕೊಳ್ಳುವುದು ಅಪರಾಧ. ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು. ಅದಕ್ಕಿಂತ ಕಡಿಮೆಗೆ ಕೊಡಬಾರದೆಂದು ಯಾವ ಕಾನೂನೂ ಹೇಳುವುದಿಲ್ಲ. ರಿಯಾಯಿತಿ ಅಂಗಡಿಯವರೆಗೆ ಬಂದಿದ್ದರೆ, ಕೇಳಿದವನಿಗೆ ಅದರಲ್ಲೊಂದು ಪಾಲು ಸಿಕ್ಕೀತು, ಕೇಳದವನಿಗೆ ಸಿಗದು. ಎರಡನೆಯದಾಗಿ, ಹೆಸರಿಗಿಂತ ದರ್ಜೆಯನ್ನು ನೋಡಬೇಕು. ಯಂತ್ರದ ಕೈಪಿಡಿಯಲ್ಲಿ 15ಡಬ್ಲ್ಯೂ-40, 20ಡಬ್ಲ್ಯೂ-40 ಎಂದು ಮುಂತಾಗಿ ಬರೆದಿರುತ್ತದೆ. ಅದೇ ದರ್ಜೆ, ಅದೇ ಗುಣಮಟ್ಟದ ಎಣ್ಣೆ ಬೇರೆ ಬೇರೆ ಕಂಪನಿಗಳಲ್ಲಿ ಬೇರೆ ಬೇರೆ ಬೆಲೆಗೆ ದೊರೆಯುತ್ತದೆ. ಖಾಲಿ ಡಬ್ಬಿಗೆ ತೂತು ಹಾಕಿಯೇ ಬಿಸಾಡಬೇಕು, ಸುಟ್ಟ ಎಣ್ಣೆಯನ್ನು ಪಡದ ಮಣ್ಣಿಗೆ ಸುರಿಯಬಾರದು ಎಂಬ ಮಾತುಗಳನ್ನೂ ಇಲ್ಲಿಯೇ ಸೇರಿಸುತ್ತೇನೆ.

ಮೂರನೆಯದು ಒಬ್ಬರಿಂದ ಆಗುವ ಕೆಲಸವಲ್ಲ. ಕಂಪನಿಗಳು 210 ಲೀಟರಿನ ಪೀಪಾಯಿಯಲ್ಲಿಯೂ ಎಣ್ಣೆ ಮಾರುತ್ತವೆ. ಲೀಟರು ಕೊಳ್ಳುವವನೊಡನೆ ಯಾರೂ ಚೌಕಾಸಿಗೆ ನಿಲ್ಲುವುದಿಲ್ಲ. ಪೀಪಾಯಿ ಕೊಳ್ಳುವವರೊಡನೆ ನಿಲ್ಲುತ್ತಾರೆ. ಇಪ್ಪತ್ತೈದು ಟ್ರ್ಯಾಕ್ಟರುಗಳ ಒಡೆಯರು ಒಂದಾದರೆ ಒಂದು ಸಲದ ಎಣ್ಣೆಗೆ ಒಂದು ಪೀಪಾಯಿ ಸಾಕು. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘವನ್ನು ಕಟ್ಟಿದಾಗ ಅವರ ಎದುರಿಗಿದ್ದದ್ದು ಸಾಲದ ಬಡ್ಡಿ. ಬಿಡಿಬಿಡಿಯಾಗಿ ನಿಂತ ಒಕ್ಕಲಿಗನಿಗೆ ದರ ಹೇಳುವ ಶಕ್ತಿಯಿಲ್ಲವೆಂಬುದು ಆಗ ಬಡ್ಡಿಗೆ ಹೇಗೋ, ಈಗ ಎಣ್ಣೆಗೂ ಹಾಗೆಯೇ ಸಲ್ಲುತ್ತದೆ.

ಕಚ್ಚಾತೈಲ ಮತ್ತೆ ಏರೀತು, ಮತ್ತೆ ಇಳಿದೀತು. ಅದು ನಮ್ಮ ಕೈಯಲ್ಲಿಲ್ಲ. ಇಳಿದಾಗ ಅದರ ಒಂದು ಹನಿಯಾದರೂ ನಮ್ಮ ಊರಿನವರೆಗೆ ಹರಿದುಬರಬೇಕಾದರೆ, ದಾರಿಯಲ್ಲಿ ನಿಂತು ಲೆಕ್ಕ ಕೇಳುವವರು ಬೇಕು. ಆ ಲೆಕ್ಕ ನಮಗೆ ತಿಳಿಯದಷ್ಟು ಕಠಿಣವಾದದ್ದೇನೂ ಅಲ್ಲ.